ಐದನೇ ಮೆಟ್ಟಿಲಿನ ಹೊಸ ಗೊಂಬೆ

ಆ ಮನೆಯಲ್ಲಿ ಇಂಟರ್ನೆಟ್ಟು ಇದ್ದದ್ದು ನೆಲಮಟ್ಟದ ಗ್ಯಾರೇಜಿನಲ್ಲಿ, ನಾನಿದ್ದದ್ದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಬೇ ಏರಿಯಾದ ನೆವಾರ್ಕಿನಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಆ ಟೌನ್‌ಹೌಸು ಅಗಲದಲ್ಲಿ ಕಳೆದುಕೊಂಡಿದ್ದನ್ನೆಲ್ಲ ಎತ್ತರದಲ್ಲಿ ವಸೂಲು ಮಾಡಿಕೊಂಡಿತ್ತು. ಕೆಳಗೆ ಕಾರು, ನಡುವೆ ಹಜಾರ ಮತ್ತು ಅಡುಗೆಮನೆ, ಮೇಲೆ ಮಲಗುವ ಕೋಣೆಗಳು ಮತ್ತು ಸ್ನಾನದ ಮನೆ. ಕಾರಿನ ಕೀಲಿ ಮರೆತು ಗ್ಯಾರೇಜಿಗೆ ಇಳಿದವರು ಮತ್ತೆ ಎರಡು ಮಹಡಿ ಹತ್ತಬೇಕು. ಮದುವೆಯಾದ ಹೊಸತರಲ್ಲಿ ಇದೆಲ್ಲ ನಮಗೆ ಚಂದವೇ ಆಗಿತ್ತು. ಆದರೆ ನಾನು ಐದು ತಿಂಗಳ ಬಸುರಿಯಾಗಿದ್ದಾಗ ಡಾಕ್ಟರು ಒಂದು ದಿನ ಪರೀಕ್ಷೆ ಮಾಡಿ, ಮಗು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯ, ಹಾಗೇ ಇರಬೇಕಾದರೆ ಇವತ್ತಿನಿಂದ ಹಾಸಿಗೆ ಹಿಡಿ ಎಂದರು. ಬಚ್ಚಲಿಗೆ ಹೋಗಿ ಬರಬಹುದು, ಮೆಟ್ಟಿಲು ಮಾತ್ರ ಮುಟ್ಟುವಂತಿಲ್ಲ. ಸ್ನಾನದ ಮನೆ ಇದ್ದದ್ದು ಮೇಲೆಯೇ ಆದ್ದರಿಂದ ನಾನೂ ಮೇಲೆಯೇ ಉಳಿದೆ.

ಸುಮ್ಮನೆ ಮಲಗುವುದು ನನ್ನ ಜಾಯಮಾನದಲ್ಲಿ ಇಲ್ಲ. ಸೇತುವೆ ದಾಟಿದರೆ ಸಿಗುವ ಮೆನ್ಲೋ ಪಾರ್ಕಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸವಿತ್ತು. ಆಗ ದಿನಕ್ಕೊಂದು ಡಾಟ್ ಕಾಮ್ ಕಂಪನಿ ಹುಟ್ಟುತ್ತಿದ್ದ ಕಾಲ ಮುಗಿದು, ದಿನಕ್ಕೊಂದು ಬಾಗಿಲು ಹಾಕುವ ಕಾಲ ಶುರುವಾಗಿತ್ತು. ನಮ್ಮದು ಇನ್ನೂ ಉಸಿರಾಡುತ್ತಿತ್ತು. ಊರಿನಲ್ಲಿ ಯಾವ ಡಾಕ್ಟರು ಎಲ್ಲಿದ್ದಾರೆ, ಯಾವಾಗ ಸಿಗುತ್ತಾರೆ ಎಂದು ಜನ ವೆಬ್‌ಸೈಟಿನಲ್ಲಿ ಹುಡುಕಿ ಸಮಯ ಗೊತ್ತು ಮಾಡಿಕೊಳ್ಳುವ ವ್ಯವಸ್ಥೆ ಅದು. ಆ ಹುಡುಕುವ ಭಾಗ ನನ್ನದು. ಎರಡು ವರ್ಷದ ಹಿಂದೆ ಖಾಲಿ ತೆರೆಯ ಮುಂದೆ ಕೂತು ಮೊದಲ ಸಾಲಿನಿಂದ ಬರೆದಿದ್ದೆ. ಅದರ ಹೊಸ ರೂಪ ಇನ್ನು ಎಂಟು ವಾರದಲ್ಲಿ ಹೊರಬರುವುದಿತ್ತು. ಮ್ಯಾನೇಜರಿಗೆ ಫೋನ್ ಮಾಡಿ, ಮಲಗಿಕೊಂಡೇ ಮುಗಿಸಿ ಕೊಡುತ್ತೇನೆ, ಇದನ್ನು ಬೇರೆಯವರಿಗೆ ಕೊಡಬೇಡಿ ಎಂದು ಕೇಳಿಕೊಂಡೆ. ಆತ ಒಪ್ಪಿದ. ನನಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಲ್ಯಾಪ್‌ಟಾಪು, ಆಫೀಸಿನ ಯಂತ್ರಗಳಿಗೆ ಒಂದು ದಾರಿ.

ಆ ದಾರಿ ಗ್ಯಾರೇಜಿನ ಗೋಡೆಯಲ್ಲಿತ್ತು. ಮೇಲಿನ ಕೋಣೆಯ ಫೋನ್ ಜಾಕು ನಾವು ಬರುವ ಮೊದಲೇ ಸತ್ತಿತ್ತು. ಮನೆಯ ಮಾಲೀಕರು ಅದನ್ನು ಸರಿ ಮಾಡಿಸುವುದನ್ನು ಮುಂದಿನ ವಾರಕ್ಕೆ ಹಾಕುತ್ತಲೇ ಇದ್ದರು. ಗೋಡೆಗೆ ಒಂದೇ ಒಂದು ತೂತು ಕೊರೆಯಲೂ ಅವರು ಬಿಡುವವರಲ್ಲ. ಹಾಗಾಗಿ ನನ್ನ ಗಂಡ ಒಂದು ಉದ್ದನೆಯ ನೀಲಿ ವೈರನ್ನು ಗ್ಯಾರೇಜಿನಿಂದ ಎರಡೂ ಮೆಟ್ಟಿಲುಗಳ ಮೇಲೆ ಎಳೆದು ನನ್ನ ಮಂಚದ ತನಕ ತಂದರು. ಮೂರು ದಿನ ಅದು ಚೆನ್ನಾಗಿಯೇ ನಡೆಯಿತು.

ನಾಲ್ಕನೆಯ ದಿನ ಅತ್ತೆ ಬಂದಿಳಿದರು. ಮಂಡ್ಯದಿಂದ ಹೊರಟು ಎರಡು ವಿಮಾನ ಬದಲಿಸಿ, ಕಣ್ಣು ಕೆಂಪಾಗಿದ್ದರೂ ಸೀರೆಯ ನೆರಿಗೆ ಕೆಡದಂತೆ ಬಂದಿದ್ದರು. ಬಂದ ಮಾರನೆಯ ದಿನವೇ ಅಡುಗೆಮನೆ ಅವರ ಕೈಗೆ ಹೋಯಿತು. ನನಗೆ ಊಟ ತರುತ್ತ ಮೇಲಿನ ಮೆಟ್ಟಿಲು ಹತ್ತುವಾಗ ಆ ನೀಲಿ ವೈರು ಅವರ ಕಾಲಿಗೆ ತೊಡರಿತು. ಪುಣ್ಯಕ್ಕೆ ಕಟಾಂಜನ ಕೈಗೆ ಸಿಕ್ಕಿತು, ಅತ್ತೆ ಬೀಳಲಿಲ್ಲ. ಮಸೊಪ್ಪಿನ ಸಾರು ಮಾತ್ರ ಒಂಬತ್ತು ಮೆಟ್ಟಿಲು ಇಳಿದು ಹಜಾರಕ್ಕೆ ಬಂತು.

"ಇದನ್ನ ತೆಗೀರಿ ಇಲ್ಲಿಂದ" ಎಂದೆ ಗಂಡನಿಗೆ, ಮಂಚದ ಮೇಲಿಂದಲೇ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಧಾರವಾಡ ತಾನಾಗಿ ಬರುತ್ತದೆ. "ಅತ್ತಿ ಬಿದ್ದು ಕೈಕಾಲು ಮುರಕೊಂಡ್ರ ಏನ್ ಮಾಡೋರು ನೀವು? ನನಗ ಇಂಟರ್ನೆಟ್ಟೂ ಬ್ಯಾಡ, ಏನೂ ಬ್ಯಾಡ."

"ನಿಂಗೆ ಬೇಡ ಅಂದ್ರೆ ಯಾರು ನಂಬ್ತಾರೆ?" ಎಂದರು ಅವರು. ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ಯಾಕೆಂದರೆ ವೈರಿಲ್ಲದ ಇಂಟರ್ನೆಟ್ಟು ಎಂಬ ಹೊಸ ವಸ್ತು ಆಗತಾನೆ ಅಂಗಡಿಗೆ ಬಂದಿತ್ತು. ಅದನ್ನು ಕೊಳ್ಳಲು ಒಂದು ನೆಪಕ್ಕಾಗಿ ಅವರು ತಿಂಗಳುಗಟ್ಟಲೆ ಕಾದಿದ್ದರು.

ಬಂದದ್ದು ಊಟದ ಡಬ್ಬಿಯಷ್ಟು ದೊಡ್ಡ ಬೂದು ಬಣ್ಣದ ಪೆಟ್ಟಿಗೆ. ಮುಂದೆ ಮೂರು ಪುಟ್ಟ ಹಸಿರು ದೀಪ, ಹಿಂದೆ ಎರಡು ಮೋಟು ಕೊಂಬು. ನನ್ನ ಲ್ಯಾಪ್‌ಟಾಪಿನ ಪಕ್ಕೆಗೆ ಒಂದು ಕಾರ್ಡು ತೂರಿಸಿದರೆ, ಪೆಟ್ಟಿಗೆಯಿಂದ ಎಷ್ಟು ಬಲ ಬರುತ್ತಿದೆ ಎಂದು ತೆರೆಯ ಮೂಲೆಯಲ್ಲಿ ಕಡ್ಡಿಗಳು ತೋರಿಸುತ್ತಿದ್ದವು. ಪೂರ್ತಿ ಬಂದರೆ ಐದು ಕಡ್ಡಿ. ಗ್ಯಾರೇಜಿನ ನೆಲದ ಮೇಲಿಟ್ಟಾಗ ನನಗೆ ಬಂದದ್ದು ಒಂದು. ನನ್ನ ಗಂಡ ಆ ಶನಿವಾರ ಮತ್ತು ಭಾನುವಾರ ಬೇರೆ ಕೆಲಸವನ್ನೇ ಮಾಡಲಿಲ್ಲ. ಪೆಟ್ಟಿಗೆಯನ್ನು ಬಟ್ಟೆ ಒಗೆಯುವ ಯಂತ್ರದ ಮೇಲಿಟ್ಟರು, ಕಿಟಕಿಗೆ ಒರಗಿಸಿದರು, ಒಂದು ಕೊಂಬನ್ನು ನೆಟ್ಟಗೆ ಇನ್ನೊಂದನ್ನು ಅಡ್ಡಕ್ಕೆ ತಿರುಗಿಸಿದರು. ಕೊನೆಗೆ ಗ್ಯಾರೇಜಿನ ಮಾಡಿಗೆ ತಾಗುವಷ್ಟು ಎತ್ತರದ ಒಂದು ಹಲಗೆಯ ಮೇಲೆ ಇಟ್ಟಾಗ ಮೇಲೆ ನನಗೆ ಮೂರು ಕಡ್ಡಿ ಬಂತು. ಮಂಚವನ್ನು ಗೇಣುದ್ದ ಗೋಡೆಯ ಕಡೆಗೆ ಸರಿಸಿದ ಮೇಲೆ ಅದೂ ನಿಂತ ನೀರಿನ ಹಾಗೆ ಸ್ಥಿರವಾಯಿತು. ಅವರು ಕೆಳಗಿನಿಂದ ಒಂದು ಶಿಳ್ಳೆ ಹೊಡೆದರು. ಅತ್ತೆ ಅದಕ್ಕೆ ಬೈದರು.

ಅಲ್ಲಿಂದ ಆರು ವಾರ ನಾನು ಸುಖವಾಗಿ ಕೆಲಸ ಮಾಡಿದೆ. ಬೆನ್ನಿಗೆ ಮೂರು ದಿಂಬು, ಹೊಟ್ಟೆಯ ಆಚೆ ಒಂದು ಮಣೆ, ಮಣೆಯ ಮೇಲೆ ಲ್ಯಾಪ್‌ಟಾಪು. ಅತ್ತೆಗೆ ಇದು ಸರಿಬರಲಿಲ್ಲ. ಬಸುರಿ ಹೆಂಗಸು ತಣ್ಣಗೆ ಮಲಗಿ ಒಳ್ಳೆಯ ಮಾತು ಕೇಳುವುದು ಬಿಟ್ಟು ಬೆಳಗಿನಿಂದ ಸಂಜೆಯ ತನಕ ಟಕಟಕ ಎನ್ನುವುದು ಯಾವ ಸೀಮೆಯ ಬಾಣಂತಿತನದ ತಯಾರಿ ಎಂದು ಮಗನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನಗೆ ಹೇಳಲಿಲ್ಲ. ನಾನೂ ಕೇಳಿಸಲಿಲ್ಲ ಎಂಬಂತೆ ಇದ್ದೆ. ನಮ್ಮಿಬ್ಬರ ನಡುವೆ ಆಗ ಇದ್ದದ್ದು ಜಗಳವಲ್ಲ, ಬರೀ ಮರ್ಯಾದೆ. ಮರ್ಯಾದೆಯೂ ಸ್ವಲ್ಪ ಸುಸ್ತು ಮಾಡುತ್ತದೆ.

ಅಷ್ಟರಲ್ಲಿ ನವರಾತ್ರಿ ಹತ್ತಿರ ಬಂತು. ನಮ್ಮ ಧಾರವಾಡದ ಕಡೆ ಮಣ್ಣಿನಲ್ಲಿ ಕಾಳು ಬಿತ್ತಿ ಘಟ್ಟ ಹಾಕುತ್ತಾರೆ, ದಶಮಿಗೆ ಬನ್ನಿ ಎಲೆ ಕೊಡುತ್ತಾರೆ. ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಅತ್ತೆಯ ಕಡೆ ಗೊಂಬೆಯಿಲ್ಲದೆ ದಸರೆಯೇ ಇಲ್ಲ. ಅವರು ಮೂವತ್ತು ಚಿಲ್ಲರೆ ಗೊಂಬೆಗಳನ್ನು ಹಳೆಯ ಸೀರೆಗಳಲ್ಲಿ ಸುತ್ತಿ, ಒಂದು ಸ್ಟೀಲು ಟ್ರಂಕಿನಲ್ಲಿ ತುಂಬಿ, ಸಾಗರ ದಾಟಿಸಿ ತಂದಿದ್ದರು. ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ ರಾಣಿ ಅದರಲ್ಲಿ ಮುಖ್ಯ. ಅವಕ್ಕೆ ಪಟ್ಟದ ಗೊಂಬೆ ಎನ್ನುತ್ತಾರೆ. ಪಾಡ್ಯದ ದಿನ ಆ ಜೋಡಿಯನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂರಿಸಿ ಕಲಶ ಇಟ್ಟರೆ, ವಿಜಯದಶಮಿ ಮುಗಿಯುವ ತನಕ ಯಾವ ಗೊಂಬೆಯನ್ನೂ ಕದಲಿಸುವಂತಿಲ್ಲ. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬುದು ಇನ್ನೊಂದು ನಿಯಮ. ಆ ವರ್ಷ ಬೇ ಏರಿಯಾದ ಅಂಗಡಿಗಳಲ್ಲಿ ಅವರ ಮನಸ್ಸಿಗೆ ಒಪ್ಪುವ ಗೊಂಬೆ ಸಿಕ್ಕಿರಲಿಲ್ಲ. ಅದೊಂದು ಕೊರಗು ಅವರಿಗಿತ್ತು.

ಹಜಾರದಲ್ಲಿ ಗೊಂಬೆಯ ಮೆಟ್ಟಿಲು ಕಟ್ಟುವ ಕೆಲಸ ಮಗನದು. ಕ್ಯಾಂಪ್‌ಬೆಲ್ಲಿನಲ್ಲಿ ಬಾಗಿಲು ಹಾಕಿದ ಒಂದು ಕಂಪನಿಯವರು ಆಫೀಸಿನ ಸಾಮಾನನ್ನೆಲ್ಲ ಪಾರ್ಕಿಂಗ್ ಲಾಟಿನಲ್ಲಿ ಹರಡಿ ಮಾರುತ್ತಿದ್ದಾರೆ ಎಂದು ಕೇಳಿ ಇವರು ಗೆಳೆಯರೊಬ್ಬರ ಟ್ರಕ್ಕು ತೆಗೆದುಕೊಂಡು ಹೋದರು. ಫೈಲಿಡುವ ಉಕ್ಕಿನ ಬೀರುಗಳನ್ನು ಹೇರಿಕೊಂಡು ಬಂದರು. ನಾಲ್ಕು ಖಾನೆಯದು ಹಿಂದೆ, ಮೂರು ಖಾನೆಯದು ಅದರ ಮುಂದೆ, ಎರಡು ಖಾನೆಯದು ಅದರ ಮುಂದೆ, ಆಮೇಲೆ ಗೊಂಬೆ ಬಂದ ಸ್ಟೀಲು ಟ್ರಂಕು, ಕೊನೆಗೆ ಒಂದು ಹಲಗೆ. ಅಳತೆ ಮಾಡಿ ಮಾಡಿಸಿದ ಹಾಗೆ ಐದು ಮೆಟ್ಟಿಲಾಯಿತು. ಮೇಲೆ ಬಿಳಿ ಪಂಚೆ ಹಾಸಿದರು. ಹಿಂದಿನ ಗೋಡೆ ಬೋಳಾಗಿ ಕಾಣುತ್ತದೆ ಎಂದು ಅತ್ತೆ ಅಂದದ್ದೇ ತಡ, ಅಡುಗೆಗೆ ಬಳಸುವ ಅಲ್ಯೂಮಿನಿಯಂ ಹಾಳೆಯ ಎರಡು ಸುರುಳಿ ಬಿಚ್ಚಿ ಗೋಡೆಯ ತುಂಬ ಹೊಳೆಯುವ ಕೈಲಾಸ ಮಾಡಿದರು. ಇಷ್ಟನ್ನೂ ಮಾಡಿದ್ದು ಅಮಾವಾಸ್ಯೆಯ ಸಂಜೆ. ನಾನು ನೋಡಲು ಇಳಿಯುವಂತಿರಲಿಲ್ಲ. ಫೋಟೋ ತೆಗೆದು ಮೇಲೆ ತಂದು ತೋರಿಸಿದರು. ಚಂದವಾಗಿತ್ತು ಎಂದು ಈಗಲೂ ಹೇಳುತ್ತೇನೆ.

ಪಾಡ್ಯದ ಬೆಳಗ್ಗೆ ಎದ್ದು ಲ್ಯಾಪ್‌ಟಾಪು ತೆರೆದರೆ ಕಡ್ಡಿ ಒಂದೂ ಇಲ್ಲ.

ಗಂಡ ಕೆಳಗೆ ಓಡಿದರು. ಪೆಟ್ಟಿಗೆಯ ಮೂರು ದೀಪವೂ ಉರಿಯುತ್ತಿದ್ದವು. ತಮ್ಮ ಲ್ಯಾಪ್‌ಟಾಪು ಹಿಡಿದು ಹಜಾರದ ಸೋಫಾದಲ್ಲಿ ಕೂತು ನೋಡಿದರು. ಅಲ್ಲಿ ನಾಲ್ಕು ಕಡ್ಡಿ. ಹಾಗಾದರೆ ಪೆಟ್ಟಿಗೆ ಸರಿಯಾಗಿದೆ, ನಿನ್ನ ಕಾರ್ಡು ಕೆಟ್ಟಿದೆ ಎಂದು ತೀರ್ಪು ಕೊಟ್ಟರು. ಸಂಜೆ ಹೊಸ ಕಾರ್ಡು ಬಂತು. ಕಡ್ಡಿ ಬರಲಿಲ್ಲ. ಬಿದಿಗೆಯ ದಿನ ತಪ್ಪು ಪಕ್ಕದ ಮನೆಯವರ ಕಾರ್ಡ್‌ಲೆಸ್ ಫೋನಿನದು ಎಂದರು. ತದಿಗೆಯ ದಿನ ಮೈಕ್ರೋವೇವು ಹಚ್ಚಬೇಡಿ ಎಂದು ಅತ್ತೆಗೆ ಆಜ್ಞೆಯಾಯಿತು. ಅತ್ತೆ ಅದನ್ನು ಯಾವತ್ತೂ ಹಚ್ಚಿದವರಲ್ಲ. ಅದರೊಳಗೆ ಒಣಮೆಣಸಿನಕಾಯಿ ಇಟ್ಟುಕೊಂಡಿದ್ದರು. ಚೌತಿಯ ದಿನ ಇವರಿಗೇ ತಲೆ ಕೆಟ್ಟು, ಆಫೀಸಿನಲ್ಲಿ ಕಂಪ್ಯೂಟರ್ ಚಿಪ್ಪು ಮಾಡುವ ನಾನು ಮನೆಯಲ್ಲಿ ಒಂದು ಪೆಟ್ಟಿಗೆ ನಡೆಸಲಾರೆನಲ್ಲ ಎಂದು ಕೂತರು. ಮತ್ತೆ ಮೆಟ್ಟಿಲ ಮೇಲೆ ವೈರು ಎಳೆಯುತ್ತೇನೆ ಎಂದಾಗ ನಾನು ಒಪ್ಪಲಿಲ್ಲ. ನಮ್ಮ ಮೇಲಿನ ಮೆಟ್ಟಿಲು ನುಣುಪು ಮರದ್ದು, ವೈರನ್ನು ಅಡಗಿಸಲು ಸಂದಿಯಿಲ್ಲ. ಅತ್ತೆ ಅದನ್ನು ದಿನಕ್ಕೆ ಹತ್ತು ಸಲ ಕೈತುಂಬ ಪಾತ್ರೆ ಹಿಡಿದು ಹತ್ತುತ್ತಿದ್ದರು.

ಪಂಚಮಿಯ ದಿನ ಬೆಳಗ್ಗೆ ಮ್ಯಾನೇಜರು ನನ್ನ ಮೊಬೈಲಿಗೆ ಫೋನ್ ಮಾಡಿದ. ಎಷ್ಟು ಮೃದುವಾಗಿ ಮಾತಾಡಿದ ಎಂದರೆ ನನಗೆ ಮೊದಲು ಅರ್ಥವೇ ಆಗಲಿಲ್ಲ. ನಿನ್ನ ಆರೋಗ್ಯ ಮುಖ್ಯ, ನಾಲ್ಕು ದಿನದಿಂದ ನಿನ್ನಿಂದ ಏನೂ ಬಂದಿಲ್ಲ, ನೀನು ಯಾವ ಒತ್ತಡವನ್ನೂ ತೆಗೆದುಕೊಳ್ಳಬೇಡ ಎಂದ. ಗುರುವಾರ ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ತಮ್ಮ ತಮ್ಮ ಭಾಗ ತೋರಿಸಬೇಕು. ಅಷ್ಟರೊಳಗೆ ನೀನು ಬರಲಾಗದಿದ್ದರೆ ಹುಡುಕುವ ಭಾಗವನ್ನು ಹೊಸದಾಗಿ ಸೇರಿದವನಿಗೆ ಕೊಡುತ್ತೇನೆ, ನೀನು ನಿಶ್ಚಿಂತೆಯಿಂದ ಮಗುವಿನ ಕಡೆ ನೋಡಿಕೋ ಎಂದ. ಗುರುವಾರಕ್ಕೆ ಎರಡು ದಿನವಿತ್ತು. ಫೋನಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಎರಡು ವರ್ಷ ಒಂದೊಂದೇ ಸಾಲು ಬರೆದದ್ದು ನಾನು. ಅದರಲ್ಲಿ ಎಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅದನ್ನು ಬೇರೆಯವನ ಕೈಗೆ ಕೊಡುವವರು ಇಷ್ಟು ಪ್ರೀತಿಯಿಂದ ಮಾತಾಡಿದರೆ ಸಿಟ್ಟು ಮಾಡಲೂ ಆಗುವುದಿಲ್ಲ.

ಅತ್ತೆ ಗಂಜಿ ತಂದವರು ಬಾಗಿಲಲ್ಲೇ ನಿಂತರು.

"ಯಾಕಮ್ಮ, ನೋವು ಬಂತಾ?"

"ಇಲ್ಲರಿ ಅತ್ತಿ. ನೋವಿಲ್ಲ. ಕೆಲಸ ಹೊಂಟದ."

ಅವರು ಬಟ್ಟಲು ಕೆಳಗಿಟ್ಟು ಮಂಚದ ಅಂಚಿಗೆ ಕೂತರು. ನಾನು ಎಲ್ಲ ಹೇಳಿದೆ. ಕಡ್ಡಿ, ಕಾರ್ಡು, ಪೆಟ್ಟಿಗೆ ಅವರಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ ಹೇಳಿಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಪ್ರಶ್ನೆ ಕೇಳಿದರು.

"ಯಾವತ್ತಿಂದ ಕೆಟ್ಟಿರೋದು?"

"ಪಾಡ್ಯದಿಂದರಿ."

"ಪಾಡ್ಯದ ಹಿಂದಿನ ದಿನ ಇತ್ತಾ?"

"ಅಮಾವಾಸ್ಯಿ ದಿನ ಮಧ್ಯಾಹ್ನ ಮೇಲ್ ಕಳಿಸೀನಿ. ಛಲೋ ಇತ್ತು."

"ಮಧ್ಯಾಹ್ನ ಇತ್ತು, ಬೆಳಗ್ಗೆ ಇಲ್ಲ. ಆ ಮಧ್ಯೆ ಮನೇಲಿ ಏನು ಬದಲಾಯ್ತು?"

"ಏನೂ ಇಲ್ಲ ಅಂತಾರ ನಿಮ್ಮ ಮಗ."

"ಅವನನ್ನ ಬಿಡು. ನಾನು ಬೋರ್ಡಲ್ಲಿದ್ದಾಗ ಲೈನ್ ಕೆಟ್ಟಿದೆ ಅಂತ ಯಾರಾದ್ರೂ ಬಂದ್ರೆ ಮೊದಲು ಯಾವತ್ತಿಂದ ಅಂತ ಕೇಳೋದು, ಆಮೇಲೆ ಅವತ್ತು ಏನು ಮಾಡಿದ್ರಿ ಅಂತ ಕೇಳೋದು. ಎಲ್ಲರೂ ಏನೂ ಮಾಡಿಲ್ಲ ಅಂತಾನೇ ಹೇಳೋರು. ಹೋಗಿ ನೋಡಿದ್ರೆ ಗೋಡೆಗೆ ಸುಣ್ಣ ಹೊಡೆಸಿರೋರು, ವೈರ್ ಕಿತ್ತಿರೋದು."

ಮದುವೆಯ ಮಾತುಕತೆಯಲ್ಲಿ, ಹುಡುಗನ ತಾಯಿ ಹಿಂದೆ ಸ್ವಲ್ಪ ದಿನ ಒಂದು ಮಿಲ್ಲಿನಲ್ಲಿ ಟೆಲಿಫೋನ್ ಬೋರ್ಡು ನೋಡಿಕೊಳ್ಳುತ್ತಿದ್ದರು ಎಂದು ಯಾರೋ ಅಂದಿದ್ದು ನೆನಪಾಯಿತು. ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ.  ಅತ್ತೆಯ ಕಣ್ಣು ಆಗಲೇ ನನ್ನ ಮಂಚದ ಕೆಳಗಿನ ನೆಲದ ಮೇಲಿತ್ತು.

"ಇದರ ಕೆಳಗೆ ನೇರಕ್ಕೆ ಏನಿದೆ?" ಎಂದರು. ಆಮೇಲೆ ತಾವೇ, "ನನ್ನ ಗೊಂಬೆ ಕೂತಿರೋದು ಅವತ್ತೇ" ಎಂದರು.

ನನಗೂ ಆಗ ಹೊಳೆಯಿತು. ಕೆಳಗೆ ಗ್ಯಾರೇಜಿನ ಪೆಟ್ಟಿಗೆ, ಮೇಲೆ ನನ್ನ ಮಂಚ. ಇವೆರಡರ ನಡುವೆ ಹಜಾರದಲ್ಲಿ, ಅದೇ ನೇರದ ಗೋಡೆಗೆ, ಮೂರು ಉಕ್ಕಿನ ಬೀರು, ಒಂದು ಸ್ಟೀಲು ಟ್ರಂಕು, ಕೈಲಾಸದ ಅಲ್ಯೂಮಿನಿಯಂ ಹಾಳೆ. ಆಚೆ ಬದಿಯ ಸೋಫಾಕ್ಕೆ ಏನೂ ಅಡ್ಡವಿರಲಿಲ್ಲ, ಅಲ್ಲಿ ನಾಲ್ಕು ಕಡ್ಡಿ ಬರುತ್ತಿತ್ತು. ನಾಲ್ಕು ದಿನ ಆ ಸೋಫಾದಲ್ಲಿ ಕೂತು, ತಾವೇ ಕಟ್ಟಿದ ಮೆಟ್ಟಿಲುಗಳನ್ನು ಎದುರಿಗೆ ನೋಡುತ್ತ, ನನ್ನ ಗಂಡ ತಪ್ಪು ಹುಡುಕುತ್ತಿದ್ದರು.

ಸಂಜೆ ಅವರು ಆಫೀಸಿನಿಂದ ಬರುವುದನ್ನೇ ಅತ್ತೆ ಕಾದಿದ್ದರು. ಕಾಫಿ ಕೊಡುವ ಮೊದಲೇ ಕೆಲಸಕ್ಕೆ ಹಚ್ಚಿದರು. ಪೆಟ್ಟಿಗೆಯನ್ನು ಹಲಗೆಯಿಂದ ಇಳಿಸಿ, ಹಳೆಯ ನೀಲಿ ವೈರಿಗೆ ಸಿಕ್ಕಿಸಿ, ಕೆಳಗಿನ ಮೆಟ್ಟಿಲು ಒಂದೊಂದೇ ಹತ್ತಬೇಕು. ಪ್ರತಿ ಮೆಟ್ಟಿಲಿಗೂ ನಾನು ಮೇಲಿಂದ ಕಡ್ಡಿ ಎಣಿಸಿ ಹೇಳಬೇಕು. ನನ್ನ ದನಿ ಗ್ಯಾರೇಜಿನ ತನಕ ಹೋಗುವುದಿಲ್ಲ, ಕೂಗಲೂಬಾರದು. ಹಾಗಾಗಿ ಅತ್ತೆ ಮೇಲಿನ ಮೆಟ್ಟಿಲ ಬುಡದಲ್ಲಿ ನಿಂತು ನನ್ನ ಮಾತನ್ನು ಕೆಳಕ್ಕೂ ಮಗನ ಮಾತನ್ನು ಮೇಲಕ್ಕೂ ಸಾಗಿಸಿದರು.

"ಎಷ್ಟು?"

"ಇಲ್ಲರಿ."

"ಇಲ್ವಂತೆ, ಹತ್ತು. ಈಗ?"

"ಇಲ್ಲ."

"ಹತ್ತೋ. ನಿಂತ್ಕೋಬೇಡ."

ಹಜಾರದ ನೆಲ ದಾಟಿ ಗಂಡ ಗೊಂಬೆಗಳ ಪಕ್ಕದಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದಾಗ ನನ್ನ ತೆರೆಯಲ್ಲಿ ಒಮ್ಮೆಗೇ ನಾಲ್ಕು ಕಡ್ಡಿ ಎದ್ದವು. ನಾನು ನಗುತ್ತ "ನಾಕು" ಎಂದೆ. ಕೆಳಗೆ ಅತ್ತೆ "ನಾಲ್ಕು" ಎಂದರು. 

"ನಾನೇ ಕಟ್ಟಿದ್ದು" ಎಂದು ಗಂಡನ ಕ್ಷೀಣವಾದ ದನಿ ಕೇಳಿತು. "ನಾನೇ ಗೋಡೆಗೆ ಫಾಯಿಲ್ ಅಂಟಿಸಿದ್ದು."

"ಚೆನ್ನಾಗಿ ಅಂಟಿಸಿದ್ದೀಯ" ಎಂದರು ಅವರಮ್ಮ.

ರೋಗ ತಿಳಿಯಿತು, ಮದ್ದು ಸುಲಭವಿರಲಿಲ್ಲ. ಪೆಟ್ಟಿಗೆ ಬೀರುಗಳಿಗಿಂತ ಎತ್ತರದಲ್ಲಿ, ನನ್ನ ಮಂಚದ ಕೆಳಗಿನ ನೇರದಲ್ಲಿ ಇದ್ದರೆ ಮಾತ್ರ ಕಡ್ಡಿ ನಿಲ್ಲುತ್ತಿತ್ತು. ಒಂದು ಮಾರು ಪಕ್ಕಕ್ಕೆ ಹೋದರೆ ಎರಡಾಗುತ್ತಿತ್ತು, ಆಗಾಗ ಸೊನ್ನೆಯಾಗುತ್ತಿತ್ತು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮೇಲೆ ಬಂದ ಗಂಡ ನನ್ನ ಮುಖ ನೋಡಿ, ಆಮೇಲೆ ತಮ್ಮ ಅಮ್ಮನ ಮುಖ ನೋಡಿ, "ಗೊಂಬೆ ತೆಗೆದುಬಿಡೋಣ್ವಾ ಅಮ್ಮ? ಆ ಕಡೆ ಗೋಡೆಗೆ ಮತ್ತೆ ಕಟ್ಟಿಕೊಡ್ತೀನಿ" ಎಂದರು.

ಪಟ್ಟದ ಗೊಂಬೆಯನ್ನು ನಡುವೆ ಏಳಿಸುವುದು ಅತ್ತೆಗೆ ಎಂಥ ಮಾತು ಎಂದು ನನಗೆ ಅಷ್ಟು ಹೊತ್ತಿಗೆ ಗೊತ್ತಿತ್ತು. ನಲವತ್ತು ವರ್ಷಗಳಲ್ಲಿ ಒಂದು ಸಲವೂ ಅವು ದಶಮಿಗೆ ಮೊದಲು ಎದ್ದಿರಲಿಲ್ಲ. ಅದೂ ಮನೆಯಲ್ಲಿ ಬಸುರಿಯನ್ನು ಇಟ್ಟುಕೊಂಡು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವರು ಬೇಡ ಎಂದರೆ ನನ್ನ ಮನಸ್ಸಿನಲ್ಲಿ ಅದು ಯಾವತ್ತಿಗೂ ಉಳಿಯುತ್ತದೆ, ಹೂಂ ಎಂದರೆ ಅವರ ಮನಸ್ಸಿನಲ್ಲಿ ಉಳಿಯುತ್ತದೆ.

"ಬ್ಯಾಡರಿ ಅತ್ತಿ" ಎಂದೆ. "ಗೊಂಬಿ ಮುಟ್ಟಬ್ಯಾಡ್ರಿ. ಹೋದ್ರ ಹೋಗಲಿ ಕೆಲಸ."

ಅವರು ನನ್ನ ಕಾಲಿನ ಮೇಲಿನ ಹೊದಿಕೆಯನ್ನು ಸರಿ ಮಾಡುತ್ತ, ನಮ್ಮಿಬ್ಬರನ್ನೂ ನೋಡದೆ ಹೇಳಿದರು. "ಇವನು ಹೊಟ್ಟೇಲಿದ್ದಾಗ ನಾನೂ ಹಾಗೇ ಅಂದಿದ್ದೆ. ಹೋದ್ರೆ ಹೋಗಲಿ ಅಂತ. ಮೂರು ತಿಂಗಳು ರಜ ಹಾಕಿದೆ, ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಇವನನ್ನ ನಮ್ಮಮ್ಮನ ಹತ್ರ ಬಿಟ್ಟು ಹೋಗಿ ನೋಡಿದ್ರೆ ಬೋರ್ಡಿನ ಮುಂದೆ ಬೇರೆ ಹುಡುಗಿ ಕೂತಿದ್ಲು. ಅವಳು ಎದ್ದು ನಿಂತು ನಮಸ್ಕಾರ ಮೇಡಂ ಅಂದ್ಲು. ಒಳ್ಳೇ ಹುಡುಗಿ. ನಾನು ನಿನಗೆ ಕೆಲಸ ಹೇಗಿದೆಯಮ್ಮ ಅಂತ ಕೇಳಿ, ವಾಪಸ್ ಬಂದೆ."

ಅವರ ಮಗ ಮೂವತ್ತೆರಡು ವರ್ಷದಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಅವರ ಕೈಯಲ್ಲಿದ್ದ ಪೆಟ್ಟಿಗೆ ಹಾಗೇ ಇತ್ತು. ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಕೂತಿರೋದನ್ನ ಏಳಿಸಬಾರದು ಅಂತ ಇರೋದು" ಎಂದರು. "ಹೊಸದನ್ನ ಕೂರಿಸಬಾರದು ಅಂತ ಎಲ್ಲೂ ಇಲ್ಲ. ಈ ವರ್ಷದ ಗೊಂಬೆ ಬೇರೆ ಬಾಕಿ ಇದೆ."

ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಐದನೇ ಮೆಟ್ಟಿಲಿನ ಮೇಲೆ, ರಾಣಿಯ ಬಲಕ್ಕೆ ಒಂದು ಗೇಣು ಬಿಟ್ಟು ಕೂತಿತು. ಯಾವ ಗೊಂಬೆಯೂ ಕೂದಲೆಳೆಯಷ್ಟು ಕದಲಲಿಲ್ಲ. ಗಂಡ ಏಣಿ ಹತ್ತಿ ಇಟ್ಟರು, ಅತ್ತೆ ಕೆಳಗಿನಿಂದ ಎಡಕ್ಕೆ ಬಲಕ್ಕೆ ಎಂದರು. ಗ್ಯಾರೇಜಿನಿಂದ ಹಜಾರಕ್ಕೆ ಬರುವ ಮೆಟ್ಟಿಲಿಗೆ ಕಾರ್ಪೆಟ್ಟು ಇದ್ದದ್ದರಿಂದ ವೈರನ್ನು ಅದರ ಅಂಚಿನ ಸಂದಿಗೆ ತುರುಕಿ ಅಡಗಿಸಲು ಸಾಧ್ಯವಾಯಿತು. ಅತ್ತೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟರು. ಹೊಸ ಗೊಂಬೆಗೆ ಬಟ್ಟೆ ಬೇಡವೇ ಎಂದು ಜರಿಯ ರವಿಕೆ ಕಣವೊಂದನ್ನು ಸುತ್ತಿದರು. ಮೇಲೆ ನನಗೆ ಒಂದು ಕಡ್ಡಿ ಕಡಿಮೆಯಾಯಿತು. ಜರಿ ತೆಗೆದು ಒಂದು ಸೇವಂತಿಗೆ ಇಟ್ಟರು. ಕಡ್ಡಿ ವಾಪಸ್ಸು ಬಂತು. ಅವತ್ತು ನಾವು ಮೂವರೂ ನಕ್ಕಷ್ಟು ಆ ಮನೆಯಲ್ಲಿ ಹಿಂದೆ ನಕ್ಕಿರಲಿಲ್ಲ.

ಮಾರನೆಯ ದಿನ ಸಂಜೆ ಗೊಂಬೆ ನೋಡಲು ಸುತ್ತಲಿನ ಕನ್ನಡದವರು ಮಕ್ಕಳನ್ನು ಕರೆದುಕೊಂಡು ಬಂದರು. ನಾನು ಮೇಲೆ ಕೆಲಸ ಮಾಡುತ್ತ ಕೆಳಗಿನ ಮಾತು ಕೇಳುತ್ತಿದ್ದೆ. ಒಂದು ಪುಟ್ಟ ಹುಡುಗಿ "ಅಜ್ಜಿ, ವಾಟ್ ಡಸ್ ದಟ್ ಡಾಲ್ ಡೂ?" ಎಂದು ಕೇಳಿದಳು.

"ಅದಾ? ಅದು ಮೇಲಿರೋರ ಮಾತನ್ನ ದೂರದೋರಿಗೆ ಮುಟ್ಟಿಸುತ್ತೆ. ನಮ್ಮ ಸೊಸೆ ಮೇಲೆ ಮಲಗಿಕೊಂಡೇ ಆಫೀಸಲ್ಲಿದ್ದಾಳೆ."

"ಇಟ್ ಹ್ಯಾಸ್ ನೋ ಫೇಸ್."

"ಕೆಲಸ ಮಾಡೋದಕ್ಕೆ ಮುಖ ಯಾಕೆ ಪುಟ್ಟ? ದೂರದಿಂದ ನೋಡು, ಮುಟ್ಟಬೇಡ. ಬಾ, ಬಾಗಿನ ಕೊಡ್ತೀನಿ" ಎಂದು ಅವಳ ಕೈಗೆ ರವೆ ಉಂಡೆ, ಕೋಡುಬಳೆ ಹಾಕಿದರು. ಬಂದ ಹೆಂಗಸರಲ್ಲಿ ಒಬ್ಬರು, ಸೊಸೆಗೆ ಈ ಸ್ಥಿತಿಯಲ್ಲೂ ಕೆಲಸವಾ, ನೀವು ಬೇಡ ಅನ್ನಬಾರದಾ ಎಂದರು. ನಾನು ಬೆರಳು ನಿಲ್ಲಿಸಿ ಕಾದೆ.

"ನಾನ್ಯಾಕೆ ಬೇಡ ಅನ್ಲಿ?" ಎಂದರು ಅತ್ತೆ. "ಅವಳದು ಅದು."

ಆ ಒಂದೂವರೆ ದಿನ ನಾನು ಮಾಡಿದಷ್ಟು ಕೆಲಸವನ್ನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಐದು ದಿನದ ಬಾಕಿಯಿತ್ತು. ಎರಡು ಗಂಟೆಗೊಮ್ಮೆ ಅತ್ತೆ ಬಂದು ಲ್ಯಾಪ್‌ಟಾಪು ಮುಚ್ಚಿಸಿ, ಎಡಮಗ್ಗುಲಿಗೆ ತಿರುಗಿಸಿ ಮಲಗಿಸುತ್ತಿದ್ದರು. ಹದಿನೈದು ನಿಮಿಷವಾದ ಮೇಲೆ ತಾವೇ ಅದನ್ನು ತೆರೆದು ಮಣೆಯ ಮೇಲಿಡುತ್ತಿದ್ದರು. ಎಷ್ಟು ಕಡ್ಡಿ ಎಂದು ನೋಡಲು ಕಲಿತಿದ್ದರು. ಹಜಾರದಲ್ಲಿ ಆರತಿ ಎತ್ತುವಾಗ ಪೆಟ್ಟಿಗೆಯ ಮೂರು ದೀಪ ಹಸಿರಾಗಿವೆಯೇ ಎಂದೂ ನೋಡುತ್ತಿದ್ದರಂತೆ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗು. ನಾನು ಫೋನಿನಲ್ಲಿ ಮಾತಾಡುತ್ತ, ಮೆನ್ಲೋ ಪಾರ್ಕಿನ ಕೋಣೆಯಲ್ಲಿ ಕೂತ ಒಂಬತ್ತು ಜನರ ಎದುರಿನ ತೆರೆಯ ಮೇಲೆ ನನ್ನ ಹಾಸಿಗೆಯಿಂದಲೇ ಕೆಲಸ ತೋರಿಸಬೇಕಿತ್ತು.  ಕೂತವರಲ್ಲಿ ಒಬ್ಬರು, ಮಕ್ಕಳ ಡಾಕ್ಟರು ಬೇಕು, ಶನಿವಾರ ಸಿಗುವವರು, ಹತ್ತು ಮೈಲಿಯೊಳಗೆ ಇರಬೇಕು ಎಂದರು. ನಾನು ಹಾಗೇ ಹುಡುಕಿದೆ. ಪಟ್ಟಿ ಬಂತು. ಇನ್ನೊಬ್ಬರು ಬೇಕೆಂದೇ ತಪ್ಪು ಅಕ್ಷರ ಹಾಕಿ ಕೇಳಿದರು. ಅದಕ್ಕೂ ಬಂತು. ಮೂಲೆಯ ಕಡ್ಡಿ ನಾಲ್ಕರಿಂದ ಇಳಿಯಲೇ ಇಲ್ಲ. ನಲವತ್ತು ನಿಮಿಷವಾದ ಮೇಲೆ ಮ್ಯಾನೇಜರು, ಚೆನ್ನಾಗಿದೆ, ಇದನ್ನು ಇನ್ನು ಯಾರೂ ಮುಟ್ಟುವುದು ಬೇಡ, ಇದು ಕೊನೆಯ ತನಕ ನಿನ್ನದೇ ಎಂದು ಎಲ್ಲರ ಎದುರು ಹೇಳಿದ. ಹೊಸದಾಗಿ ಸೇರಿದವನೂ ಅಭಿನಂದನೆ ಹೇಳಿದ. ಪಾಪ, ಒಳ್ಳೆಯವನೇ.

ಫೋನಿಟ್ಟು ಒಂದು ನಿಮಿಷ ಕಣ್ಣು ಮುಚ್ಚಿದೆ. ಹೊಟ್ಟೆಯೊಳಗೆ ಮಗು ಜೋರಾಗಿ ಒದೆಯುತ್ತಿತ್ತು. ತೆರೆದು ನೋಡಿದರೆ ಅತ್ತೆ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದರು. ಮೀಟಿಂಗು ಶುರುವಾದಾಗಿನಿಂದ ಅಲ್ಲೇ ನಿಂತಿದ್ದರು ಎಂದು ಕಾಣುತ್ತದೆ, ಕೈಯಲ್ಲಿದ್ದ ಹಾಲು ಆರಿ ಕೆನೆ ಕಟ್ಟಿತ್ತು. ಇಂಗ್ಲಿಷ್ ಮಾತು ಅವರಿಗೆ ಪೂರ್ತಿ ಹಿಡಿದಿರಲಿಲ್ಲ.

"ಏನಂದ್ರು?" ಎಂದರು.

"ನನಗೇ ಇಟ್ಟಾರ್ರಿ ಅತ್ತಿ. ಯಾರಿಗೂ ಕೊಡಂಗಿಲ್ಲಂತ."

ಅವರು ಬಂದು ಮಂಚದ ಅಂಚಿಗೆ ಕೂತರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಮುಖದ ತುಂಬ ನಗು, ಕಣ್ಣಿನಲ್ಲಿ ನೀರು.

"ಇನ್ನೊಂದ್ಸಲ ಹೇಳು" ಎಂದರು.

ನಾನು ಇನ್ನೊಂದು ಸಲ ಹೇಳಿದೆ.